ಬಣ್ಣಗಾರನ ಬಿಳಿ ಗಂಟುಗಳು

ಹೊಳೆ ಎರಡಾಗಿ ಸೀಳಿ ಮತ್ತೆ ಒಂದಾಗುವ ಕಡೆ ಒಂದು ಊರಿತ್ತು. ಆ ಊರಿನಲ್ಲಿ ಗಂಟು ಬೀಳದೆ ಕಾಸು ಕೈ ಬಿಡುತ್ತಿರಲಿಲ್ಲ. ಇದು ಮಾತಿಗೆ ಹೇಳುವುದಲ್ಲ, ಅಲ್ಲಿ ಇದ್ದದ್ದೇ ಹಾಗೆ. ಉಪ್ಪು ಕೊಳ್ಳಲು ಹೋದವಳು ಕಾಸು ಚಾಚಿದರೆ ಅದು ಅಂಗೈಗೆ ಅಂಟಿಕೊಂಡೇ ಇರುತ್ತಿತ್ತು. ಕೈ ಮಗುಚಿ ಕೊಡವಿದರೂ ಬೀಳುತ್ತಿರಲಿಲ್ಲ. ಉಪ್ಪಿನವನು ಒಂದು ಎಳೆ ಹಳದಿ ದಾರ ತೆಗೆದು ಅವಳ ಮಣಿಕಟ್ಟಿನಲ್ಲಿದ್ದ ಕೈನೂಲಿಗೆ ಗಂಟು ಹಾಕಬೇಕು. ಗಂಟು ಬಿಗಿಯಾದ ಕೂಡಲೇ ಕಾಸು ತಾನಾಗಿ ಜಾರಿ ಅವನ ಕೈಗೆ ಬೀಳುತ್ತಿತ್ತು. ಕೊಟ್ಟವರ ನೂಲಿಗೆ ಪಡೆದವರ ಗಂಟು. ಊರಿಗೆ ಇದ್ದದ್ದು ಅದೊಂದೇ ಕಟ್ಟಳೆ.

ಅನ್ನಕ್ಕೆ ಹಳದಿ, ಬಟ್ಟೆಗೆ ನೀಲಿ, ಮದ್ದಿಗೆ ಹಸಿರು, ದೇವರಿಗೆ ಕಾವಿ, ಚಪಲಕ್ಕೆ ಕೆಂಪು. ಹೀಗೆ ಮನುಷ್ಯನ ತಿಂಗಳೆಲ್ಲ ಅವನ ಮಣಿಕಟ್ಟಿನ ಮೇಲೆ ಬಣ್ಣ ಬಣ್ಣವಾಗಿ ಸುತ್ತಿಕೊಂಡಿರುತ್ತಿತ್ತು. ಆದರೆ ಸುತ್ತಿಕೊಂಡಿದ್ದು ಅರ್ಥವಾಗಬೇಕಲ್ಲ? ಅದಕ್ಕೆ ಊರಿಗೊಬ್ಬಳು ಗಂಟೋದುವವಳಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಅವಳು ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಊರು ಸಾಲುಗಟ್ಟಿ ಬಂದು ಕೈ ಚಾಚುತ್ತಿತ್ತು. ಅವಳು ಕಣ್ಣು ಮುಚ್ಚಿ ನೂಲನ್ನು ಬೆರಳ ಸಂದಿಯಲ್ಲಿ ಹರಿಯಬಿಟ್ಟು, ಹೋದ ತಿಂಗಳಿಗಿಂತ ಈ ತಿಂಗಳು ಕೆಂಪು ಮೂರು ಹೆಚ್ಚಾಗಿದೆ, ನೀಲಿ ಇಲ್ಲವೇ ಇಲ್ಲ, ಮಗಳಿಗೆ ರವಿಕೆ ಹರಿದಿರಬೇಕು ನೋಡಿಕೋ ಎನ್ನುತ್ತಿದ್ದಳು. ಹೇಳಿದ್ದು ಒಂದೂ ತಪ್ಪುತ್ತಿರಲಿಲ್ಲ. ಯಾರ ಗಂಟು ಹೇಗೆಂದು ಅವಳ ಬೆರಳಿಗೆ ಗೊತ್ತಿತ್ತು. ಉಪ್ಪಿನವನದು ಒರಟು, ಹೂವಿನವಳದು ಸಡಿಲ, ಪೂಜಾರಿಯದು ಅವಸರದ್ದು. ಬಣ್ಣ ಬದಲಿಸಿ ಮೋಸ ಮಾಡಬಹುದು, ಕೈ ಬದಲಿಸಲಾಗದು ಎಂದು ಅವಳೇ ಹೇಳುತ್ತಿದ್ದಳು.

ಓದುವವಳು ಮಾತ್ರ ಯಾರ ನೂಲಿಗೂ ಗಂಟು ಹಾಕುವಂತಿರಲಿಲ್ಲ. ಓದುವ ಕೈ ಬೇರೆ, ಕಟ್ಟುವ ಕೈ ಬೇರೆ ಇರಬೇಕು. ಒಂದು ಗಂಟು ಕಟ್ಟಿದಳೆಂದರೆ ಮೆಟ್ಟಿಲು ಬಿಟ್ಟು ಏಳಬೇಕು. ಗಂಟು ಹಾಕದವಳಿಗೆ ಕಾಸು ಬರುವುದು ಹೇಗೆ? ಓದಿದ್ದಕ್ಕೆ ಜನ ಅಕ್ಕಿ ಬೇಳೆ ಅಳೆದು ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಊರೇ ಸೇರಿ ಅವಳ ಸಾಸಿವೆ ಡಬ್ಬಿಗೆ ಐವತ್ತೆರಡು ಕಾಸು ಹಾಕುತ್ತಿತ್ತು. ಊರಿಗೆ ಮಣಿಕಟ್ಟಿಲ್ಲವಾದ್ದರಿಂದ ಅದಕ್ಕೆ ಗಂಟು ಬೇಕಿರಲಿಲ್ಲ.

ಆ ಡಬ್ಬಿ ಊರಿಗೆಲ್ಲ ಗೊತ್ತಿದ್ದ ಡಬ್ಬಿ. ಬಾಯಿಗೆ ಬಟ್ಟೆ ಮುಚ್ಚಿ ದಾರ ಬಿಗಿದು ಅಡುಗೆಮನೆಯ ಗೂಡಿನಲ್ಲಿ ಇಟ್ಟಿರುತ್ತಿದ್ದಳು. ಮದುವೆಯಾದ ಮೊದಲ ವರ್ಷ ಅದು ನಡುವಿನಲ್ಲೇ ಬರಿದಾಗಿತ್ತು. ಓದುವವಳ ಡಬ್ಬಿಯೇ ಬರಿದಾದರೆ ಅವಳ ಮಾತಿಗೆ ಏನು ಬೆಲೆ ಎಂದು ಅವಳು ಗಂಡನ ಬಣ್ಣದ ಬಾನಿಗಳ ಹಿಂದೆ ಕೂತು ಅತ್ತಿದ್ದಳು, ಇನ್ನು ಮೇಲೆ ಒಂದು ಕಾಸೂ ದಂಡ ಮಾಡುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದಳು. ಆಣೆ ಫಲ ಕೊಟ್ಟಿತು. ಅಲ್ಲಿಂದಾಚೆ ಡಬ್ಬಿ ಒಮ್ಮೆಯೂ ಬರಿದಾಗಲಿಲ್ಲ. ಕಾಸು ಎಣಿಸಿದರೆ ಕರಗುತ್ತದೆ ಎಂದು ಆ ಊರಿನ ಹೆಂಗಸರ ನಂಬಿಕೆ. ಊರಿನ ಗಂಟನ್ನೆಲ್ಲ ಎಣಿಸಿದವಳು ತನ್ನ ಡಬ್ಬಿಯನ್ನು ಎಣಿಸಲಿಲ್ಲ, ಅಲ್ಲಾಡಿಸಿ ಸದ್ದು ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದಳು. ಸದ್ದು ಯಾವಾಗಲೂ ಇರುತ್ತಿತ್ತು. ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದಳು: ಹನಿ ಹನಿ ಕೂಡಿದರೆ ಹಳ್ಳ, ನನ್ನ ಡಬ್ಬಿ ನೋಡಿ.

ಹೆಚ್ಚಾಗಿ ಈ ಮಾತು ಕೇಳಬೇಕಾದವಳು ಅಂಬಿಗನ ಹೆಂಡತಿ. ಅವಳ ನೂಲಿನಲ್ಲಿ ವಾರಕ್ಕೊಂದು ಕೆಂಪು ಗಂಟು, ಹೂವಿನವಳದು. ವಾರಕ್ಕೊಂದು ಮೊಳ ಮಲ್ಲಿಗೆ, ಅಷ್ಟೇ ಅವಳ ಚಪಲ. ಓದುವವಳು ಲೆಕ್ಕ ಹಾಕಿ, ನೀನು ಮುಡಿದು ಬಾಡಿಸಿದ ಹೂವಿನಲ್ಲಿ ನಿನ್ನ ಗಂಡನ ದೋಣಿಗೆ ಒಂದು ಹೊಸ ಹುಟ್ಟು ಬರುತ್ತಿತ್ತು ಎಂದಳು. ಸಾಲಿನಲ್ಲಿದ್ದವರು ನಕ್ಕರು. ಅಂಬಿಗನ ಹೆಂಡತಿ ಮುಂದಿನ ವಾರದಿಂದ ಹೂ ಬಿಟ್ಟಳು. ಆದರೂ ಅವಳ ಡಬ್ಬಿ ತುಂಬಲಿಲ್ಲ. ತನ್ನ ಕೈಗುಣವೇ ಸರಿಯಿಲ್ಲ ಎಂದುಕೊಂಡು ಸುಮ್ಮನಾದಳು.

ಇನ್ನು ಓದುವವಳ ಗಂಡ. ಅವನು ಬಣ್ಣಗಾರ, ಊರಿನ ಗಂಟುಗಳ ಬಣ್ಣವೆಲ್ಲ ಅವನ ಬಾನಿಯಿಂದ ಬಂದದ್ದು. ಬೆರಳುಗಳು ತೊಳೆದರೂ ಹೋಗದಷ್ಟು ನೀಲಿ. ಮಾತು ಕಡಿಮೆ, ನಗು ಜಾಸ್ತಿ. ಅಮಾವಾಸ್ಯೆಯ ದಿನ ಊರಿನ ಸಾಲು ಮುಗಿದ ಮೇಲೆ ಕಡೆಯವನಾಗಿ ಬಂದು ಅವನೂ ಹೆಂಡತಿಯ ಮುಂದೆ ಕೈ ಚಾಚುತ್ತಿದ್ದ. ಹಳದಿ, ನೀಲಿ, ಹಸಿರು ಎಲ್ಲ ಸರಿಯಾಗಿರುತ್ತಿತ್ತು. ನಡುನಡುವೆ, ವಾರಕ್ಕೊಂದರಂತೆ, ಬಣ್ಣವಿಲ್ಲದ ಬಿಳಿ ಗಂಟು.

ಬಿಳಿ ಗಂಟು ತಪ್ಪಲ್ಲ. ಆದರೆ ಬಿಳಿ ಎಂದರೆ ಹೇಳಲಾರದ್ದು. ಜೂಜಿಗೆ ಹೋದವರು, ಮೇಲ್ದಂಡೆಯ ಹಾಡುವವಳ ಮನೆಗೆ ಕದ್ದು ಹೋದವರು ಬಿಳಿ ಕಟ್ಟಿಸಿಕೊಳ್ಳುತ್ತಿದ್ದರು. ಅವರದ್ದನ್ನೂ ಅವಳು ಕೈ ನೋಡಿ ಹೇಳಿಬಿಡುತ್ತಿದ್ದಳು. ಗಂಡನ ಬಿಳಿ ಗಂಟಿನ ಕೈ ಮಾತ್ರ ಯಾರದೆಂದು ತಿಳಿಯಲಿಲ್ಲ. ಎಡಕ್ಕೆ ಎರಡು ಸುತ್ತು, ತುದಿ ಒಳಗೆ ಮಡಚಿ ಒಂದು ಒತ್ತು. ಎಲ್ಲೋ ಮುಟ್ಟಿದ ಹಾಗೆ ಇರುತ್ತಿತ್ತು, ಹೆಸರು ಬರುತ್ತಿರಲಿಲ್ಲ.

"ಇದು ಯಾರ ಕೈ? ಯಾತಕ್ಕೆ ಕೊಟ್ರಿ?" ಎಂದು ಮೊದಲ ಸಲ ಕೇಳಿದಾಗ ಅವನು ನಕ್ಕಿದ್ದ.

"ಬಣ್ಣ ಹಾಕಿದ್ರೆ ಅದಕ್ಕೊಂದು ಹೆಸರು ಬರುತ್ತೆ. ಹೆಸರು ಬಂದ್ರೆ ನೀನು ಓದಿಬಿಡ್ತೀಯ. ಅದು ಹಾಗೇ ಇರಲಿ ಬಿಡು, ಇವಳೇ."

ಅದು ಹಾಗೇ ಇರಲಿ. ಅವಳಿಗೆ ಹಾಗೇ ಬಿಟ್ಟು ಗೊತ್ತಿರಲಿಲ್ಲ. ಎರಡನೆಯ ಸಲ ಅತ್ತಳು, ಮೂರನೆಯ ಸಲ ಬೈದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಕೇಳದಿದ್ದರೂ ಪ್ರತಿ ಅಮಾವಾಸ್ಯೆ ಗಂಡನಿಗೆ ಬಡಿಸಿ, ಅವನ ಜೊತೆ ಕೂರದೆ, ಹಿತ್ತಲ ಬಾಗಿಲಲ್ಲಿ ಬೆನ್ನು ಹಾಕಿ ಕೂತು ಒಬ್ಬಳೇ ಉಂಡಳು. ಅವನು "ಬಾ" ಎಂದು ಒಂದು ಸಲ ಕರೆಯುತ್ತಿದ್ದ. ಇವಳು ಹೋಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷ, ವರ್ಷಕ್ಕೆ ಹನ್ನೆರಡು ಅಮಾವಾಸ್ಯೆ.

ಒಂದು ಬೆಳಿಗ್ಗೆ ಬಾನಿಯ ಪಕ್ಕದಲ್ಲಿ ಕೂತ ಬಣ್ಣಗಾರ ಮತ್ತೆ ಏಳಲಿಲ್ಲ.

ತಿಂಗಳು ತಿಂಗಳು ಓದಿಸಿ ಬಿಚ್ಚಿದ ನೂಲನ್ನು ಆ ಊರಿನವರು ಉಂಡೆ ಸುತ್ತಿ ಇಡುತ್ತಿದ್ದರು, ಸತ್ತ ಮೇಲೂ ಸುಡುತ್ತಿರಲಿಲ್ಲ. ಆರು ತಿಂಗಳು ಮನೆಯವರು ಇಟ್ಟುಕೊಂಡು, ಹಾಸಿನ ದಿನ ಹೊಳೆಯ ಮೆಟ್ಟಿಲಿಗೆ ತರಬೇಕು. ಊರ ಹಾಸು ಎಂದರೆ ಹಿಂದೆ ಬಾಳಿದವರೆಲ್ಲರ ನೂಲನ್ನು ಸೇರಿಸಿ ನೇಯ್ದ ಒಂದು ದೊಡ್ಡ ಹಾಸುಬಟ್ಟೆ. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಅದರ ಮೇಲೆ, ಮದುಮಕ್ಕಳು ಕೂರುವುದು ಅದರ ಮೇಲೆ. ಹಾಸನ್ನು ಕಾಯುವ ಹಿರಿಯ ಎರಡೇ ಪ್ರಶ್ನೆ ಕೇಳುತ್ತಾನೆ: ಯಾರ ಕೈ? ಯಾತಕ್ಕೆ? ಎಲ್ಲ ಗಂಟಿಗೂ ಉತ್ತರ ಬಂದರೆ ನೂಲು ಹಾಸಿಗೆ ಸೇರುತ್ತದೆ. ಒಂದು ಗಂಟು ಉಳಿದರೂ ಹೊಳೆಗೆ. ಹೊಳೆಗೆ ಬಿಟ್ಟವರ ಹೆಸರನ್ನು ಆಮೇಲೆ ಯಾರೂ ಕರೆಯುವುದಿಲ್ಲ.

ಬಣ್ಣಗಾರನ ನೂಲುಂಡೆಯಲ್ಲಿ ಒಂಬೈನೂರ ಎಂಬತ್ತೆಂಟು ಬಿಳಿ ಗಂಟುಗಳಿದ್ದವು. ಒಂದೇ ಕೈ. ಓದುವವಳಿಗೆ ಆರು ತಿಂಗಳಿತ್ತು.

ಅವಳಿಗೆ ಆಗ ಏನು ಬೇಕಿತ್ತು ಎಂದು ಕೇಳಿದರೆ, ಎರಡು ಬೇಕಿತ್ತು ಎನ್ನಬೇಕು. ಅವನು ಹೊಳೆಯ ಪಾಲಾಗಬಾರದು. ಮತ್ತೆ, ಆ ಇನ್ನೊಬ್ಬಳು ಯಾರೆಂದು ತಿಳಿಯಬೇಕು. ಇನ್ನೊಬ್ಬಳು ಇದ್ದಾಳೆ ಎನ್ನುವುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ದ್ವೇಷವೂ ಈಗ ಉಳಿದಿರಲಿಲ್ಲ. ಅವಳು ಸಿಕ್ಕರೆ ಪಕ್ಕದಲ್ಲಿ ಕೂತು, ನಿನ್ನ ಹತ್ತಿರ ಅವನು ಏನು ಮಾತಾಡುತ್ತಿದ್ದ ಎಂದು ಕೇಳಬೇಕೆನಿಸುತ್ತಿತ್ತು. ತನಗೆ ಸಿಗದ ಮಾತು ಬೇರೆಯವರ ಹತ್ತಿರವಾದರೂ ಇದ್ದರೆ ಸಾಕಿತ್ತು.

ನೂಲುಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಬಳೆಗಾರ, ಕಂಚುಗಾರ, ಎಣ್ಣೆಯವನು, ಎಲ್ಲರ ಮುಂದೆಯೂ ಒಂದೊಂದು ತುಂಡು ದಾರ ಇಟ್ಟು, ಗಂಟು ಹಾಕಿ ತೋರಿಸಿ ಎಂದಳು. ಗೊತ್ತಿದ್ದ ಕೈಗಳೇ. ಆದರೂ ತನ್ನ ಬೆರಳು ಮುಪ್ಪಾಗಿ ತಪ್ಪಿರಬಹುದೆಂದು ನೋಡಿದಳು. ಯಾವುದೂ ಹೊಂದಲಿಲ್ಲ. ಅಂಬಿಗ, ನಿನ್ನ ಗಂಡ ದೋಣಿ ಹತ್ತಿದ್ದೇ ಅಪರೂಪ ತಾಯಿ, ನೀರು ಕಂಡರೆ ತಲೆ ಸುತ್ತುತ್ತದೆ ಎನ್ನುತ್ತಿದ್ದ ಎಂದ. ಅದೂ ಅವಳಿಗೆ ಹೊಸದು. ಇಪ್ಪತ್ತು ವರ್ಷ ಹೊಳೆ ದಂಡೆಯಲ್ಲಿ ಬಾಳಿದವನಿಗೆ ನೀರಿನ ಭಯ ಇತ್ತೆಂದು ತಿಳಿದು ಮನೆಗೆ ಬಂದು ಅತ್ತಳು.

ಕಡೆಗೆ ಮೇಲ್ದಂಡೆಯ ಹಾಡುವವಳ ಮನೆಗೆ ಹೋದಳು. ಹಾಡುವವಳು ಚಾಪೆ ಹಾಸಿ, ನೀರು ಕೊಟ್ಟು, ನೂಲನ್ನು ತನ್ನ ತೊಡೆಯ ಮೇಲೆ ಹರವಿಕೊಂಡಳು.

"ನಿನ್ನ ಗಂಡ ನನ್ನ ಬಾಗಿಲಿಗೆ ಬಂದಿದ್ದು ಒಂದೇ ಸಲ ಕಣವ್ವ, ಸೀರೆಗೆ ಬಣ್ಣ ಹಾಕಿ ತಂದುಕೊಟ್ಟ. ಕಾಸು ಇಸ್ಕೊಂಡು ಹೋದ್ನೇ ಹೊರತು ಕೊಡ್ಲಿಲ್ಲ," ಎಂದಳು. ಆಮೇಲೆ ಒಂದು ಬಿಳಿ ಗಂಟನ್ನು ತಿರುವಿ ನೋಡಿದಳು. "ಇದು ಅಂಗಡಿಯವರ ಗಂಟಲ್ಲ. ಕದ್ದು ಕಟ್ಟಿದ್ದೂ ಅಲ್ಲ. ದಿನಾ ಕಟ್ಟಿ ಕಟ್ಟಿ ಅಭ್ಯಾಸ ಆಗಿರೋ ಗಂಟು. ಯಾರೋ ಮನೆವಾರ್ತೆ ಹೆಂಗಸಿನದು."

ಸಂಸಾರಸ್ಥೆಯ ಕೈ. ಸಂತೆಬೀದಿಯಲ್ಲಿ ಹುಡುಕಿದ್ದು ತಪ್ಪು, ಅಡುಗೆಮನೆಗಳಲ್ಲಿ ಹುಡುಕಬೇಕಿತ್ತು. ಅಂದಿನಿಂದ ಮನೆ ಮನೆಗೂ ಹೋದಳು. ಹಿಟ್ಟಿನ ಚೀಲ ಕಟ್ಟುವ ಕೈ, ತೊಟ್ಟಿಲು ಕಟ್ಟುವ ಕೈ, ಕರುವಿಗೆ ಕಣ್ಣಿ ಹಾಕುವ ಕೈ, ಎಲ್ಲ ನೋಡಿದಳು. ಊರಿನಲ್ಲಿ ಹೆಂಗಸರಿದ್ದದ್ದು ನಾನೂರಕ್ಕೂ ಮೇಲೆ. ಎಲ್ಲರ ಗಂಟನ್ನೂ ಅವಳ ಬೆರಳು ಕಲಿತುಕೊಂಡಿತು. ಅವಳ ಬೆನ್ನ ಹಿಂದೆ ಜನ ಮಾತಾಡಿದರು, ಮುಂದೆಯೂ ಸ್ವಲ್ಪ ಮಾತಾಡಿದರು. ಊರ ಬದುಕನ್ನೆಲ್ಲ ಓದಿದವಳ ಮನೆಯಲ್ಲೇ ಓದಲಾಗದ್ದು ಇದೆಯಂತೆ, ದೀಪದ ಬುಡದಲ್ಲಿ ಕತ್ತಲೆ ಎಂದರು. ಅವಳು ಕೇಳಿಸಿಕೊಂಡು ಮುಂದಿನ ಮನೆಗೆ ಹೋದಳು.

ಹಾಸಿನ ದಿನಕ್ಕೆ ಇನ್ನು ಒಂಬತ್ತು ದಿನವಿತ್ತು. ಮಧ್ಯಾಹ್ನ ಮನೆಗೆ ಬಂದವಳು ಉಪ್ಪಿಲ್ಲದ್ದು ನೋಡಿ ಡಬ್ಬಿ ತೆಗೆದಳು. ಅಲ್ಲಾಡಿಸಿದಳು. ಸದ್ದಿಲ್ಲ. ದಾರ ಬಿಚ್ಚಿ ಬಟ್ಟೆ ಸರಿಸಿ ನೋಡಿದರೆ ತಳದಲ್ಲಿ ನಾಲ್ಕು ಸಾಸಿವೆ ಕಾಳು. ಕಳ್ಳರು ಬಂದರೇ ಎಂದುಕೊಂಡಳು. ಒಂದು ಬಾಯಿ ಕಡಿಮೆಯಾಗಿದೆ, ಖರ್ಚು ಒಂದು ಕಾಸೂ ಹೆಚ್ಚಾಗಿಲ್ಲ, ವಾರಕ್ಕೆ ಎಂದಿನಂತೆ ಎರಡೇ ಕಾಸು ತೆಗೆದದ್ದು. ವಾರಕ್ಕೆ ಎರಡು ತೆಗೆದರೆ ಐವತ್ತೆರಡು ಕಾಸು ವರ್ಷಪೂರ್ತಿ ಹೇಗೆ ಬರುತ್ತದೆ ಎಂದು ಕೂಸು ಕೂಡ ಕೇಳಬಹುದಿತ್ತು. ಹತ್ತೊಂಬತ್ತು ವರ್ಷ ಅವಳು ಕೇಳಿರಲಿಲ್ಲ, ಆಗಲೂ ಕೇಳಲಿಲ್ಲ. ಬರಿ ಡಬ್ಬಿಯ ಬಾಯಿಗೆ ಬಟ್ಟೆ ಮುಚ್ಚಿ, ಅಭ್ಯಾಸಬಲದಿಂದ ದಾರ ಸುತ್ತಿದಳು.

ಎಡಕ್ಕೆ ಎರಡು ಸುತ್ತು. ತುದಿ ಒಳಗೆ ಮಡಚಿ ಒಂದು ಒತ್ತು.

ಕೈ ಅಲ್ಲೇ ನಿಂತಿತು.

ಬಿಚ್ಚಿದಳು, ಮತ್ತೆ ಕಟ್ಟಿದಳು. ಸೆರಗಿನಿಂದ ನೂಲುಂಡೆ ತೆಗೆದು ಪಕ್ಕಕ್ಕಿಟ್ಟು ಮತ್ತೊಮ್ಮೆ ಕಟ್ಟಿದಳು. ಊರಿನ ಕೈಗಳನ್ನೆಲ್ಲ ಬಲ್ಲವಳು ತನ್ನ ಕೈಯನ್ನು ಎಂದೂ ನೋಡಿರಲಿಲ್ಲ. ಯಾರ ನೂಲಿಗೂ ಗಂಟು ಹಾಕದವಳ ಗಂಟನ್ನು ಯಾರು ತಾನೇ ನೋಡಿರುತ್ತಾರೆ? ನೋಡಿದವನು ಒಬ್ಬನೇ. ವಾರಕ್ಕೊಮ್ಮೆ, ಇವಳು ನೀರಿಗೆ ಹೋದಾಗ, ಅವನು ಡಬ್ಬಿಯ ದಾರ ಬಿಚ್ಚಿ ತನ್ನದೊಂದು ಕಾಸು ಹಿಡಿದು ನಿಲ್ಲುತ್ತಿದ್ದ. ಕಾಸು ಅಂಗೈ ಬಿಡುತ್ತಿರಲಿಲ್ಲ. ಪಡೆಯುವವಳ ಕೈ ಗಂಟು ಹಾಕಬೇಕು, ಪಡೆಯುವವಳು ಹಾಕುವಂತಿಲ್ಲ. ಅದಕ್ಕೆ ಆ ನೀಲಿ ಬೆರಳುಗಳು ಇವಳ ಗಂಟನ್ನು ತನ್ನ ನೂಲಿಗೆ ತಾನೇ ಹಾಕಿಕೊಳ್ಳಲು ಕಲಿತವು. ಎಷ್ಟು ಸಲ ತಪ್ಪಿತ್ತೋ, ಕಾಸು ಎಷ್ಟು ಸಲ ಬೀಳದೆ ಉಳಿದಿತ್ತೋ. ಇವಳ ಗಂಟು ಇವಳದೇ ಹಾಗೆ ಬಿದ್ದ ದಿನ ಕಾಸು ಜಾರಿ ಡಬ್ಬಿಗೆ ಬಿತ್ತು. ಆಮೇಲೆ ಅದೇ ಗಂಟು ಡಬ್ಬಿಗೂ ಹಾಕಿ, ಏನೂ ಆಗದವನ ಹಾಗೆ ಬಾನಿಯ ಹತ್ತಿರ ಹೋಗಿ ಕೂರುತ್ತಿದ್ದ.

ಬಾನಿಗಳ ಹಿಂದೆ ಕೂತು ತಾನು ಅತ್ತದ್ದನ್ನು ಅವನು ನೋಡಿದ್ದ.

ಅವಳು ಅಡುಗೆಮನೆಯ ನೆಲದ ಮೇಲೆ ಕೂತಳು. ಹತ್ತೊಂಬತ್ತು ಹನ್ನೆರಡಲಿ ಇನ್ನೂರ ಇಪ್ಪತ್ತೆಂಟು. ಇನ್ನೂರ ಇಪ್ಪತ್ತೆಂಟು ಊಟ ಅವನು ಒಬ್ಬನೇ ಉಂಡಿದ್ದ, ಬಾ ಎಂದು ಕರೆದು, ಇವಳ ಬೆನ್ನು ನೋಡುತ್ತ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದ್ದರೆ ಅವಳ ಡಬ್ಬಿ ಸುಳ್ಳಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಅವಳಿಗೆ ಅವನು ಬೇಕೆನಿಸಿತು. ಆ ಮಧ್ಯಾಹ್ನದಷ್ಟು ಬೇಕೆಂದು ಅವನು ಬದುಕಿದ್ದಾಗ ಒಂದು ದಿನವೂ ಅನಿಸಿರಲಿಲ್ಲ.

ಹಾಸಿನ ದಿನ ಬಂತು. ಮೆಟ್ಟಿಲ ತುಂಬ ಜನ. ಹಿರಿಯ ಊರ ಹಾಸನ್ನು ಬಿಡಿಸಿ ಹರವಿದ. ಓದುವವಳು ಗಂಡನ ನೂಲು ಹಿಡಿದು ನಿಂತಳು. ಹಳದಿ ಓದಿದಳು, ನೀಲಿ ಓದಿದಳು, ಹಸಿರು, ಕಾವಿ, ಕೆಂಪು ಓದಿದಳು. ಉಳಿದದ್ದು ಬಿಳಿ. ಯಾರ ಹೆಸರು ಬರುತ್ತದೋ ಎಂದು ಕೆಲವು ಗಂಡಸರು ತಮ್ಮ ಹೆಂಡಿರ ಮುಖ ನೋಡಿದರು.

"ಯಾರ ಕೈ?" ಎಂದ ಹಿರಿಯ.

"ನನ್ನ ಕೈ."

ಜನರಲ್ಲಿ ಗುಜುಗುಜು ಎದ್ದಿತು. ಹಿರಿಯ ಅದನ್ನು ತಣಿಯಲು ಬಿಟ್ಟು, ಮೆಲ್ಲಗೆ, ಯೋಚನೆ ಮಾಡಿ ಹೇಳು, ಓದುವವಳು ಕಟ್ಟಿದ್ದರೆ ಈ ಮೆಟ್ಟಿಲು ನಿನ್ನದಲ್ಲ, ವರ್ಷದ ಕಾಸೂ ಇಲ್ಲ ಎಂದು ನೆನಪಿಸಿದ. ಬೆರಳು ಅವನದೇ ಇರಬಹುದಲ್ಲ, ಹಾಗೆಂದರೂ ಆಗುತ್ತದೆ ಎಂದು ದಾರಿಯನ್ನೂ ತೋರಿಸಿದ. ಬೆರಳು ಅವನದೆಂದರೆ ಪಡೆದವಳ ಗಂಟಿಲ್ಲವೆಂದಾಗುತ್ತದೆ. ಪಡೆದವರಿಲ್ಲದ ನೂಲು ಹೊಳೆಗೇ ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು, ಹಿರಿಯನಿಗೂ ಗೊತ್ತಿತ್ತು.

"ನನ್ನ ಕೈ," ಎಂದಳು ಮತ್ತೆ.

"ಯಾತಕ್ಕೆ?"

ಅವಳು ಸಾಲಿನಲ್ಲಿ ಅಂಬಿಗನ ಹೆಂಡತಿಯನ್ನು ಹುಡುಕಿ, ಅವಳ ಬರಿ ತುರುಬನ್ನು ನೋಡಿಕೊಂಡು ಹೇಳಿದಳು.

"ನನ್ನ ಡಬ್ಬಿ ಯಾವತ್ತೂ ತಾನಾಗಿ ತುಂಬಲಿಲ್ಲ. ವಾರಕ್ಕೊಂದು ಕಾಸು ಅವರು ಹಾಕ್ತಿದ್ರು. ನಾನು ನಿಮಗೆ ತೋರಿಸಿ ತೋರಿಸಿ ಬುದ್ಧಿ ಹೇಳಿದ್ದು ಅವರ ಕಾಸಿನ ಸದ್ದು. ನನ್ನ ಮುಖ ಬಾಡಬಾರದು ಅಂತ ಕೊಟ್ಟಿದ್ದು. ಅದಕ್ಕೇ."

ಯಾರೂ ನಗಲಿಲ್ಲ. ಹಿರಿಯ ನೂಲು ತೆಗೆದುಕೊಂಡ. ನೇಯುವವರು ಅದನ್ನು ಹಾಸಿನ ಅಂಚಿಗೆ ಹೊಕ್ಕಾಗಿ ಸೇರಿಸಿದರು; ಬಣ್ಣಗಳ ನಡುವೆ ಆ ಬಿಳಿ ಒಂದು ಗೆರೆಯಾಗಿ ಕಂಡಿತು. ಊರು ಬಣ್ಣಗಾರನ ಹೆಸರನ್ನು ಮೂರು ಸಲ ಕರೆಯಿತು. ಅವಳು ಮೆಟ್ಟಿಲು ಬಿಟ್ಟು ಇಳಿದಳು. ಕೈ ಖಾಲಿಯಾಗಿತ್ತು. ನೂಲುಂಡೆ ಇದ್ದಷ್ಟು ದಿನ ಅವನೂ ಸೆರಗಿನಲ್ಲಿ ಇದ್ದ ಹಾಗೆ ಇತ್ತು, ಈಗ ಅದೂ ಇಲ್ಲ.

ಆಮೇಲೆ ಅವಳು ಗಂಡನ ಬಾನಿಗಳನ್ನು ತೊಳೆದು ಬಣ್ಣ ಕದಡಿದಳು. ಈಗ ಗಂಟು ಹಾಕಬಹುದಿತ್ತು. ಕಾಸು ಪಡೆದಳು, ಗಂಟು ಹಾಕಿದಳು. ಬೆರಳು ನೀಲಿಯಾಯಿತು. ಓದಲು ಬೇರೆ ಯಾರೂ ಬರಲಿಲ್ಲ. ಊರು ತನ್ನ ನೂಲನ್ನು ತಾನೇ ತಡಕಾಡಿ ಅರ್ಧ ತಿಳಿದು ಅರ್ಧ ಬಿಟ್ಟು ಬದುಕಲು ಕಲಿತಿತು.

ಅಂಬಿಗನ ಹೆಂಡತಿ ಒಂದು ದಿನ ತುರುಬಿನಲ್ಲಿ ಒಂದು ಮೊಳ ಮಲ್ಲಿಗೆ ಮುಡಿದು, ದಾರಕ್ಕೆ ಬಣ್ಣ ಹಾಕಿಸಲು ಬಂದಳು. ತಿಂಗಳಿಂದ ತನ್ನ ಡಬ್ಬಿಯಲ್ಲಿ ಕಾಸು ಸ್ವಲ್ಪ ನಿಲ್ಲುತ್ತಿದೆ, ಯಾಕೋ ಗೊತ್ತಿಲ್ಲ ಎಂದಳು. ಹಾಗೆನ್ನುತ್ತ ಇವಳ ಮಣಿಕಟ್ಟಿನ ಕಡೆ ನೋಡಿದಳು. ಅಲ್ಲಿ ನಾಲ್ಕು ಬಿಳಿ ಗಂಟುಗಳಿದ್ದವು. ಬಲಕ್ಕೆ ಒಂದು ಸುತ್ತು, ಮೇಲೆ ಒಂದು ಪುಟ್ಟ ಕಿವಿ. ಅವಳು ಮುಟ್ಟಿ ನೋಡಿದಳು. ಎಲ್ಲೋ ಕಂಡ ಹಾಗಿದೆ ಎನ್ನುವಂತೆ ಹುಬ್ಬು ಗಂಟಿಕ್ಕಿದಳು, ತನ್ನ ಕೈಯೇ ಎಂದು ಗೊತ್ತಾಗಲಿಲ್ಲ.

"ಇದು ಯಾರ ಕೈ ಅಕ್ಕಾ?"

ಬಣ್ಣಗಾರನ ಹೆಂಡತಿ ನಕ್ಕಳು. "ಅದು ಹಾಗೇ ಇರಲಿ ಬಿಡು," ಎಂದಳು.

ಆ ದಿನ ಅಮಾವಾಸ್ಯೆ. ಅಂಬಿಗನ ಹೆಂಡತಿ ಹೋದ ಮೇಲೆ ಅವಳು ಕೈ ತೊಳೆದು, ಅಡುಗೆಮನೆಗೆ ಹೋಗಿ, ಹಿತ್ತಲ ಬಾಗಿಲು ಮುಚ್ಚಿ, ಎದುರೆದುರಾಗಿ ಎರಡು ಎಲೆ ಹಾಕಿ ಬಡಿಸಿದಳು. ಇನ್ನೂರ ಇಪ್ಪತ್ತೆಂಟು ಊಟದ ಬಾಕಿಯಲ್ಲಿ ಅದು ಮೊದಲನೆಯದು.